ರಬ್ಬರ್ ಕೈ ಮತ್ತು ನಲವತ್ತು ಗಂಟೆ

ಶನಿವಾರ, ಕಾಲೇಜು ಬಿಟ್ಟ ಮೇಲೆ

ಪ್ರೀತಿಯ ಅಕ್ಕ,

ಮೂವತ್ತು ವರ್ಷ ನರ್ಸಾಗಿ ದುಡಿದ ನಿನ್ನೆದುರು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ: ನಿನ್ನ ತಮ್ಮ ಕಳ್ಳ. ನಮ್ಮ ನರ್ಸಿಂಗ್ ಕಾಲೇಜಿನ ಅಭ್ಯಾಸದ ಕೋಣೆಯಿಂದ ಒಂದು ಕೈ ಕದ್ದೆ. ಗಾಬರಿಯಾಗಬೇಡ, ಹುಡುಗಿಯರು ಸೂಜಿ ಚುಚ್ಚಿ ಕಲಿಯುವ ರಬ್ಬರ್ ಕೈ. ಕಳ್ಳತನದಲ್ಲಿ ಕೈವಾಡವೆಂದರೆ ಇದೇ ಇರಬೇಕು! ಊಟದ ಮೇಜಿನ ಮೇಲೆ ಅದನ್ನು ಕಂಡ ನನ್ನ ಹೆಂಡತಿ ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ಕಾರಣ ಕೇಳು. ಪಠ್ಯಕ್ರಮದಿಂದ ನನ್ನ ಭೌತಶಾಸ್ತ್ರದ ನಲವತ್ತು ಗಂಟೆಯ ಪಾಠವನ್ನು ಪೂರ್ತಿ ಕಿತ್ತುಹಾಕುವ ಮಾತು ನಡೆದಿತ್ತು. ಅದು ಹೋದರೆ ಹಿಂದೆಯೇ ರಸಾಯನಶಾಸ್ತ್ರವೂ ಗಂಟುಮೂಟೆ ಕಟ್ಟಬೇಕಿತ್ತು. ಹಟ ಹಿಡಿದವರು ಶುಶ್ರೂಷೆ ಕಲಿಸುವ, ನಿನಗೂ ಪರಿಚಯವಿರುವ ಹಿರಿಯ ಸಿಸ್ಟರ್. "ಜ್ವರ ಇಳಿಸೋಕೆ ಮರದಿಂದ ಸೇಬು ಬೀಳ್ಬೇಕಾ ಮೇಷ್ಟ್ರೇ? ಹುಡುಗೀರ್ನ ವಾರ್ಡಿಗೆ ಕಳ್ಸಿ" ಎಂದು ಎಲ್ಲರೆದುರೇ ಛೇಡಿಸಿದರು. ಶುಕ್ರವಾರ ಪ್ರಿನ್ಸಿಪಾಲರ ಮುಂದೆ ತೀರ್ಮಾನ.

ಮೂರು ದಿನ ಮನೆಯಲ್ಲೇ ತಾಲೀಮು ಮಾಡಿದೆ. ಶುಕ್ರವಾರ ರಬ್ಬರ್ ಕೈಯ ನಾಳಕ್ಕೆ ಕೆಂಪು ನೀರು ತುಂಬಿ, ಸ್ಟ್ಯಾಂಡಿಗೆ ಗಾಜಿನ ಸಲೈನ್ ಬಾಟಲಿ ತೂಗುಹಾಕಿದೆ. ಬಾಟಲಿ ಎತ್ತಿದೆ, ಹನಿ ಓಡಿತು. ಕೈಗಿಂತ ಕೆಳಗಿಳಿಸಿದೆ, ಕೆಂಪು ನೀರು ಕೊಳವೆಯೊಳಗೆ ವಾಪಸು ನುಗ್ಗಿತು. "ಸ್ಟ್ಯಾಂಡ್ ಎಷ್ಟೆತ್ತರ ಇರ್ಬೇಕು ಅಂತ ಯಾವ ಶಾಸ್ತ್ರ ಹೇಳುತ್ತೆ, ಸಿಸ್ಟರ್?" ಎಂದೆ. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ನಲವತ್ತು ಗಂಟೆ ಉಳಿಯಿತು, ಅಕ್ಕ! ಅದರಲ್ಲಿ ಹತ್ತು ಗಂಟೆ ಇನ್ನು ವಾರ್ಡಿನಲ್ಲೇ, ಮಂಚದ ಪಕ್ಕದಲ್ಲೇ ಪಾಠ. ವಾದದಲ್ಲಿ ನನ್ನದೇ ಮೇಲುಗೈ, ಕದ್ದ ಕೈಯನ್ನೂ ವಾಪಸು ಇಟ್ಟಾಯಿತು.

ವಿಜಯಶಾಲಿಯಾದ ನಿನ್ನ ತಮ್ಮ,
ಭೌತಶಾಸ್ತ್ರದ ಮೇಷ್ಟ್ರು

ಮರೆತ ಮಾತು: ನೀನು ಹೇಗೂ ಸಿಸ್ಟರನ್ನು ವಿಚಾರಿಸುತ್ತೀಯ, ನಾನೇ ಹೇಳಿಬಿಡುತ್ತೇನೆ. ಶುಕ್ರವಾರ ಮೊದಲು ನಾಲ್ಕು ಹನಿ ಬಿದ್ದು ನಿಂತೇಹೋಗಿತ್ತು. ಕುರ್ಚಿ ಹತ್ತಿ ಬಾಟಲಿಯನ್ನು ಸೂರಿಗೆ ತಾಗಿಸಿದರೂ ಜಪ್ಪಯ್ಯ ಅನ್ನಲಿಲ್ಲ. ತಾಲೀಮು ಮಾಡಿದ್ದು ತಳ ಕೊಯ್ದ ಪ್ಲಾಸ್ಟಿಕ್ ಬಾಟಲಿಯಲ್ಲಿ; ಗಾಜಿನ ಬಾಟಲಿಯೊಳಗೆ ಗಾಳಿ ಹೋಗಲು ದಾರಿ ಬೇಕೆಂಬುದೇ ನನಗೆ ಹೊಳೆಯಲಿಲ್ಲ. ಗಾಳಿಯ ಒತ್ತಡ ನಾನು ಪ್ರತಿ ವರ್ಷ ಮಾಡುವ ಮೊದಲ ಪಾಠ! ಸಿಸ್ಟರೇ ಎದ್ದು ಬಂದು ಬಾಟಲಿಯ ಮುಚ್ಚಳಕ್ಕೆ ಇನ್ನೊಂದು ಸೂಜಿ ಚುಚ್ಚಿದರು. ಹನಿ ಓಡಿದ್ದು ಆಮೇಲೆ. ಕೊನೆಯಲ್ಲಿ ಪ್ರಿನ್ಸಿಪಾಲರಿಗೆ ಹೇಳಿದವರೂ ಅವರೇ: "ಭೌತಶಾಸ್ತ್ರ ಬೇಕೇ ಬೇಕು ಸರ್, ಒಪ್ಪಿದೆ. ಹತ್ತು ಗಂಟೆ ವಾರ್ಡಲ್ಲಿ ಇಡಿ, ಮೇಷ್ಟ್ರೂ ಒಂಚೂರು ಕಲೀಲಿ."