ಡಾಕ್ಟರಮ್ಮನ ಮುಖ

ಆಸ್ಪತ್ರೆಯ ಕಾರ್ಯದರ್ಶಿಗಳಿಗೆ ನಮಸ್ಕಾರ.

ನಿಮ್ಮ ಉಗ್ರಾಣದಲ್ಲಿದ್ದ ಡಾಕ್ಟರಮ್ಮನ ಕಂಚಿನ ಪ್ರತಿಮೆಯನ್ನು ನಿನ್ನೆ ಬೆಳಿಗ್ಗೆ ಕೈಗಾಡಿಯಲ್ಲಿ ತಂದವಳು ನಾನೇ. ಕಾವಲುಗಾರನನ್ನು ಬೈಯಬೇಡಿ, ದುರಸ್ತಿಗೆ ಎಂದು ಅವನಿಗೆ ಸುಳ್ಳು ಹೇಳಿದೆ.

ಮುಖದ ಸಿಡುಬಿನ ಕಲೆಗಳನ್ನು ಉಜ್ಜಿ ನುಣುಪು ಮಾಡಿಕೊಡಿ, ಇಲ್ಲದಿದ್ದರೆ ಬೇರೆಯವರಿಂದ ಮಾಡಿಸುತ್ತೇವೆ ಎಂದು ಬರೆದಿದ್ದಿರಿ. ಇಪ್ಪತ್ತು ವರ್ಷ ಇಂಥ ಮಾತಿಗೆಲ್ಲ ತಲೆಯಾಡಿಸಿದವಳು ನಾನು. ನಾನು ಮಾಡಿದ ಪ್ರತಿಮೆಗಳಲ್ಲಿ ದೊಡ್ಡವರ ಬೋಳುತಲೆಗೆ ಕೂದಲು ಬರಿಸಿದ್ದೇನೆ, ಜೋಲು ಗಲ್ಲಗಳನ್ನು ಬಿಗಿ ಮಾಡಿದ್ದೇನೆ. ಅವುಗಳಲ್ಲಿ ಒಂದರ ಮುಂದೆಯೂ ನಿಂತು ನೋಡಬೇಕೆಂದು ನನಗೇ ಅನ್ನಿಸುವುದಿಲ್ಲ.

ಆ ಕಲೆಗಳು ಡಾಕ್ಟರಮ್ಮನಿಗೆ ಬಂದದ್ದು ನಿಮ್ಮ ಸಿಡುಬಿನ ವಾರ್ಡಿನಲ್ಲೇ, ಬೇರೆಯವರು ಒಳಗೆ ಕಾಲಿಡಲು ಹೆದರಿದ ವರ್ಷ. ಪ್ರತಿಮೆಗಾಗಿ ಅವರು ನನ್ನೆದುರು ಕೂತಿದ್ದಾಗ ನಾನು ಅಭ್ಯಾಸಬಲದಿಂದ ಮಣ್ಣಿನ ಕೆನ್ನೆಯನ್ನು ಹೆಬ್ಬೆರಳಿನಿಂದ ಸವರಿ ನುಣುಪು ಮಾಡಿಬಿಟ್ಟೆ. ಅವರು ನಕ್ಕು, "ಏನಮ್ಮಾ, ನನ್ನ ಮುಖ ಮಾಡ್ತೀನಿ ಅಂತ ನನ್ನ ತಂಗೀದು ಮಾಡ್ತಿದ್ದೀಯಲ್ಲ?" ಎಂದರು. ನಾಚಿಕೆಯಾಗಿ, ಕಲೆಗಳನ್ನು ಮತ್ತೆ ಒಂದೊಂದಾಗಿ ಒತ್ತಿದೆ. ಕಂಚಿನ ಎರಕ ಹೊಯ್ಯುವ ಹೊತ್ತಿಗೆ ಅವರು ಬದುಕಿರಲಿಲ್ಲ.

ಪ್ರತಿಮೆ ಈಗ ನನ್ನ ಕೆಲಸದ ಕೋಣೆಯ ಬೀದಿಬಾಗಿಲಲ್ಲಿದೆ. ಇವತ್ತು ತರಕಾರಿ ಮಾರುವಾಕೆ ಬುಟ್ಟಿ ಇಳಿಸಿ, "ಅಯ್ಯೋ, ನಮ್ಮ ಡಾಕ್ಟರಮ್ಮ ಅಲ್ವಾ! ನನ್ನ ಮಗಳನ್ನ ಉಳಿಸ್ಕೊಟ್ಟೋರು" ಎಂದು ಕಂಚಿನ ಕೆನ್ನೆ ಮುಟ್ಟಿದಳು. ಹೆಸರಿನ ಫಲಕ ಇನ್ನೂ ಹಾಕಿರಲಿಲ್ಲ.

ಪೀಠ ಸಿದ್ಧವಾದ ದಿನ ಹೇಳಿಕಳುಹಿಸಿ. ನಾನೇ ತಂದು ನಿಲ್ಲಿಸುತ್ತೇನೆ, ಇದೇ ಮುಖದಲ್ಲಿ. ಕಲೆ ಉಜ್ಜದಿದ್ದರೆ ಇನ್ನು ಈ ಊರಿನಲ್ಲಿ ನನಗೆ ಯಾರೂ ಕೆಲಸ ಕೊಡದ ಹಾಗೆ ನೋಡಿಕೊಳ್ಳುವುದಾಗಿ ಹೇಳಿದ್ದೀರಿ. ಧಾರಾಳವಾಗಿ ನೋಡಿಕೊಳ್ಳಿ. ಆ ತರಕಾರಿಯಾಕೆ ನಾಳೆ ನನ್ನೆದುರು ಕೂರಲು ಒಪ್ಪಿದ್ದಾಳೆ, ಮಣ್ಣು ಕಲಸಿಟ್ಟಿದ್ದೇನೆ.

ಇತಿ,
ಈ ಮುಖ ಮಾಡಿದವಳು