ಧ್ವನಿಗಳು ಸರಿ ಇವೆ ಎಂದು ಸಹಿ ಹಾಕಿದವನ ಅಹವಾಲು

ಧ್ವನಿಕೋಶ ಯೋಜನೆಯ ಮುಖ್ಯಾಧಿಕಾರಿಗಳೇ,

ತಮ್ಮ ಜಾಲತಾಣದ ಧ್ವನಿಮುದ್ರಿಕೆಗಳಲ್ಲಿ ಕನಿಷ್ಠ ಏಳು ತಪ್ಪಾಗಿವೆ. ಧ್ವನಿಸಂಕೇತವನ್ನು, ಅಂದರೆ ತೆರೆಯ ಮೇಲಿನ ಅಕ್ಷರದ ಗುರುತನ್ನು, ಒತ್ತಿದರೆ ಅದರ ಉಚ್ಚಾರಣೆ ಕೇಳಿಸಬೇಕು, ಅದರ ಕೆಲಸ ಅಷ್ಟೇ. ಇಲ್ಲಿ ಳಕಾರ ಒತ್ತಿದರೆ ಲಕಾರ ಕೇಳಿಸುತ್ತದೆ, ಣಕಾರ ಒತ್ತಿದರೆ ನಕಾರ. ಹಕಾರದ್ದಂತೂ ಉಸಿರೇ ನಿಂತುಹೋಗಿದೆ. ಮೂರು ಬಾರಿ ಬರೆದು ತಿಳಿಸಿದೆ. ಮೂರನೆಯದಕ್ಕೆ ತಾವು ಕೃಪೆಯಿಟ್ಟು ಉತ್ತರಿಸಿದಿರಿ: 'ತಜ್ಞರ ಸಮಿತಿ ಪರಿಶೀಲಿಸಿ ಒಪ್ಪಿದೆ.' ಪುರಾವೆಗೆ ತಜ್ಞರೊಬ್ಬರ ಸಹಿಯ ಪ್ರತಿಯನ್ನೂ ಲಗತ್ತಿಸಿದ್ದಿರಿ. ಆ ಸಹಿ ನನ್ನದೇ!

ಹೌದು, ಹಾಕಿದ್ದೆ. ಶಿಕಾರಿಪುರದ ಸಭಾಂಗಣದಲ್ಲಿ ನಾವು ಹನ್ನೊಂದು ಮಂದಿ ನಿವೃತ್ತ ಕನ್ನಡ ಮೇಷ್ಟ್ರುಗಳಿಗೆ ಒಂದೇ ಒಂದು ಸ್ಪೀಕರ್. ಫ್ಯಾನಿನ ಗದ್ದಲದಲ್ಲಿ ಹಿಂದಿನ ಸಾಲಿಗೆ ಲ, ಳ ಎಲ್ಲವೂ ಒಂದೇ. ನಮೂನೆಯಲ್ಲಿ 'ಸರಿ' ಎಂಬ ಗುರುತು ಮೊದಲೇ ಅಚ್ಚಾಗಿತ್ತು. ಅರ್ಧ ಧ್ವನಿಗಳೂ ಮುಗಿದಿರಲಿಲ್ಲ, ತಮ್ಮ ಸಿಬ್ಬಂದಿ ಪಂಚಾಕ್ಷರಪ್ಪ ಬಂದು, "ಸಹಿ ಒಂದು ಮಾಡಿಬಿಡ್ರಿ ಸರ, ಊಟ ಆರ್ತೈತಿ" ಎಂದರು. ಮೂವತ್ತನಾಲ್ಕು ವರ್ಷ ಮಕ್ಕಳ ಉಚ್ಚಾರಣೆ ತಿದ್ದಿದ ನಾನು ಊಟ ಆರಬಾರದೆಂದು ಸಹಿ ಹಾಕಿದೆ.

ಉಳವಿಯ ದಿವ್ಯ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಮಗಳು ಸ್ಪಂದನಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ನಾಲ್ಕನೆಯ ವಯಸ್ಸಿಗೆ ಶಸ್ತ್ರಚಿಕಿತ್ಸೆಯಾಗಿ ಕಿವಿಯೊಳಗೆ ಯಂತ್ರ ಕೂತಿತು. ಇಂಥ ಮಕ್ಕಳ ತಾಯ್ತಂದೆಯರಿಗೆಂದು ತಾವು ಹೊರತಂದ ಕೈಪಿಡಿ ಅಪ್ಪಣೆ ಕೊಡಿಸಿತು: ಮನೆಯ ಗ್ರಾಮ್ಯ ಉಚ್ಚಾರಣೆ ಮಗುವಿನ ಕಿವಿಗೆ ಬೀಳಕೂಡದು, ಜಾಲತಾಣದ ಪ್ರಮಾಣಿತ ಧ್ವನಿಯನ್ನಷ್ಟೇ ಕೇಳಿಸಿ. ದಿವ್ಯ ಚಾಚೂ ತಪ್ಪದೆ ಪಾಲಿಸಿದಳು. ಎಂಟು ತಿಂಗಳು ಮಗಳ ಎದುರು ಬಾಯಿ ತೆರೆಯಲಿಲ್ಲ. ಸನ್ನೆಯಲ್ಲೇ ಉಣ್ಣಿಸಿದಳು, ಸನ್ನೆಯಲ್ಲೇ ಗದರಿದಳು. ಅತ್ತೆ ಹುಚ್ಚಮ್ಮ ಜೋಗುಳ ಹಾಡಲು ಹೋದರೆ ಕೈಮುಗಿದು ಬಾಯಿ ಮುಚ್ಚಿಸಿದಳು. ಮಾತಾಡಿದ್ದೆಲ್ಲ ಮೊಬೈಲು.

ಕಳೆದ ವಾರ ಮಗುವನ್ನು ನನ್ನ ಮನೆಗೆ ಕರೆತಂದಳು. ಮಗು ಮೊಬೈಲಿನ ಸಂಕೇತಗಳನ್ನು ನೋಡಿ ನೋಡಿ ಹೇಳಿತು. ಎಲ್ಲೂ ತಡವರಿಸಲಿಲ್ಲ, ನಮ್ಮ ಏಳೂ ತಪ್ಪುಗಳನ್ನು ಕರಾರುವಾಕ್ಕಾಗಿ ಒಪ್ಪಿಸಿತು. ತಾಯಿ ಹಿಗ್ಗುತ್ತಿದ್ದಳು. "ಈ ಮೊಬೈಲ್ ಬೇಡ ಕಣಮ್ಮ, ನೀನೇ ಮಾತಾಡು. ನಿನ್ನ ಉಚ್ಚಾರಣೆನೇ ಸರಿ" ಎಂದೆ.

ದಿವ್ಯ ಮೊಬೈಲನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. "ಆ ಕೈಪಿಡೀಲಿ ನಿಮ್ ಹೆಸ್ರು ನೋಡೇ ನಾನು ಬಾಯಿ ಮುಚ್ಕೊಂಡಿದ್ದು ಮೇಷ್ಟ್ರೆ. ಆವಾಗ್ಲೂ ಸರಿ ಅಂದಿದ್ದು ನೀವೇ ಅಲ್ವಾ?" ಎಂದಳು. ಮಗುವನ್ನೆತ್ತಿಕೊಂಡು ಬಸ್ಸಿಗೆ ಹೊರಟುಹೋದಳು.

ಇದಕ್ಕೆ ತಮ್ಮಲ್ಲಿ ಉತ್ತರವಿದೆಯೇ? ಮಾತು ಕಲಿಯುವ ವಯಸ್ಸು ಕಡತದ ಹಾಗೆ ಮೇಜಿನ ಮೇಲೆ ಬಿದ್ದಿರುತ್ತದೆಯೇ? ಇನ್ನೊಂದು ಸಭೆ ಕರೆಯಬೇಡಿ. ಆ ಮುದ್ರಿಕೆಗಳನ್ನು ಇವತ್ತೇ ತೆಗೆಯಿರಿ. ತಿಳಿದವರನ್ನು ಒಬ್ಬೊಬ್ಬರಾಗಿ ಕೂರಿಸಿ, ಹೆಡ್‌ಫೋನ್ ಕೊಟ್ಟು, ಒಂದೊಂದೇ ಧ್ವನಿಯನ್ನು ಕೇಳಿಸಿ. ನನ್ನನ್ನಂತೂ ಕರೆಯಬೇಡಿ. ಅದಕ್ಕೂ ಮೊದಲು, ತಮ್ಮ ಮೊಹರು ಹಾಕಿ ಉಳವಿಗೆ ಒಂದು ಸಾಲಿನ ಪತ್ರ ಕಳಿಸಿ: 'ನಿಮ್ಮ ಮಗಳೊಂದಿಗೆ ನೀವು ಮಾತಾಡಬಹುದು.' ನಾನು ಹೇಳಿದರೆ ಅವಳು ನಂಬುತ್ತಿಲ್ಲ. ದಮ್ಮಯ್ಯ, ಬೇಗ ಕಳಿಸಿ.

ಇಂತಿ,
ತಮ್ಮ ಕಡತದಲ್ಲಿ ಇನ್ನೂ ತಜ್ಞನಾಗಿಯೇ ಉಳಿದಿರುವ
ಸದಾಶಿವಪ್ಪ
ನಿವೃತ್ತ ಕನ್ನಡ ಮೇಷ್ಟ್ರು, ಸೊರಬ