ಕೀಲಿಕೈ ಕೊಡುವುದಿಲ್ಲ

೧೮ ನವೆಂಬರ್ ೧೯೫೭, ಸೋಮವಾರ

ಸಾಲಿಯ ಕಸ ಗುಡಿಸಿದ್ದು ನಾನೇ. ಗಂಟೆ ಬಾರಿಸಿದ್ದೂ ನಾನೇ. ಸಾತಪ್ಪ ಮಾಸ್ತರರು ವರ್ಗವಾಗಿ ಹೋದಮೇಲೆ ಅವರ ಜಾಗಕ್ಕೆ ಯಾರೂ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ. ಒಂದು ಖೋಲಿ, ನಾಲ್ಕು ಇಯತ್ತೆಯ ಮಕ್ಕಳು, ಒಬ್ಬಳು ನಾನು. ಒಂದನೆಯವರಿಗೆ ಅಕ್ಷರ ತಿದ್ದಲು ಕೊಟ್ಟು, ಎರಡನೆಯವರಿಗೆ ಮಗ್ಗಿ ಹೇಳಲು ಹಚ್ಚಿ, ಮೂರನೆಯವರ ಲೆಕ್ಕ ನೋಡುವಷ್ಟರಲ್ಲಿ ಊಟದ ಹೊತ್ತು.

ನಾಲ್ಕನೆಯ ಇಯತ್ತೆಯ ರಾಮವ್ವ ಇಂದು ಇಲ್ಲ. ಕುರಿ ಹೊರಟವು. ಅಪ್ಪ ಬೀರಸಿದ್ದಪ್ಪನ ಹಿಂಡಿನ ಜೊತೆ ಆಕೆಯೂ ಹೋದಳು. ಉಳಿದ ಕುರುಬರ ಮಕ್ಕಳೂ ಹೋದರು. ಅರ್ಧ ಸಾಲಿ ಖಾಲಿ. ಪ್ರತಿವರ್ಷ ಹೀಗೆಯೇ — ಮಳೆ ನಿಂತಮೇಲೆ ಹೋಗಿ, ಮುಂದಿನ ಮಳೆಗೆ ಈ ಮರಡಿಹಟ್ಟಿಗೆ ವಾಪಸು.

ಈ ಊರಿನಲ್ಲಿ ನಾಲ್ಕನೆಯದು ಮುಗಿಸಿದ ಹುಡುಗಿ ಇನ್ನೂ ಒಬ್ಬಳೂ ಇಲ್ಲ. ರಾಮವ್ವ ಮುಗಿಸುವವಳಿದ್ದಳು...

೨ ಡಿಸೆಂಬರ್

ತಾಲೂಕಿನಿಂದ ಕಾಗದ. ಜನವರಿಯಲ್ಲಿ ತಪಾಸಣೆ. ಮೂವತ್ತು ಮಕ್ಕಳು ಕೂತಿರದಿದ್ದರೆ ಸಾಲಿ ಬಂದ್. ಮಕ್ಕಳನ್ನು ಹಳ್ಳದ ಆಚೆಯ ಊರಿನ ಸಾಲಿಗೆ ಕೂಡಿಸುವುದಂತೆ. ಎರಡು ಸಾಲಿ ನಡೆಸಲು ಹಣ ಸಾಲದಂತೆ. ಮುಂಬಯಿ ರಾಜ್ಯ ಹೋಗಿ ಮೈಸೂರು ಬಂತು, ನಮ್ಮ ಮಾಳಿಗೆ ಸೋರುವುದು ಮಾತ್ರ ನಿಲ್ಲಲಿಲ್ಲ.

ಮಳೆಗಾಲದಲ್ಲಿ ಆ ಹಳ್ಳ ದೊಡ್ಡವರನ್ನೇ ದಾಟಗೊಡುವುದಿಲ್ಲ. ಆರು ವರ್ಷದ ಮಕ್ಕಳು ಈಜಿಕೊಂಡು ಹೋಗಬೇಕೇನು? ಕಾಗದ ಬರೆದವರು ಹಳ್ಳ ನೋಡಿಲ್ಲ.

೮ ಡಿಸೆಂಬರ್, ರವಿವಾರ

ಸಾತಪ್ಪ ಮಾಸ್ತರರು ಉಳಿದ ಟ್ರಂಕು ಒಯ್ಯಲು ಬಂದಿದ್ದರು. ಕಾಗದ ತೋರಿಸಿದೆ. ಓದಿ ನಕ್ಕರು.

“ಇದಕ್ಯಾಕ ಅಂಜ್ತೀರಿ ತಾಯವ್ವ ಬಾಯಿ? ಹೋದವರ ಹೆಸರಿನ ಮುಂದ ಹಾಜರಿ ಹಾಕ್ರಿ. ತಪಾಸಣಿ ದಿನ ಆಜೂಬಾಜೂ ಊರಿನ ಹುಡುಗರನ್ನ ತಂದ ಕುಂದರಸೋಣು. ಸಾಹೇಬರೇನ ಮಾರಿ ನೋಡಿ ಗುರ್ತ ಹಿಡೀತಾರೇನು?”

“ಬ್ಯಾಡ್ರಿ ಮಾಸ್ತರ.”

“ಎಲ್ಲಾರೂ ಹಂಗ ಮಾಡ್ತಾರವಾ.”

“ಎಲ್ಲಾರೂ ಮಾಡಿದ್ರ ನಡೀತೈತಿ. ನಾ ಮಾಡಿದ್ರ ‘ಅವರ ಜಾತೀನ ಹಂಗ’ ಅಂತಾರ್ರಿ.”

ಕಾಗದ ಮಡಿಸಿ ವಾಪಸು ಕೊಟ್ಟರು. ಈ ಊರಿನಲ್ಲಿ ನನ್ನ ಕೈಯ ಚಹಾ ಕುಡಿಯುತ್ತಿದ್ದವರು ಅವರೊಬ್ಬರೇ. ಇಂದೂ ಕುಡಿದರು. ಹೋದರು.

ಸುಳ್ಳು ಹಾಜರಿ ಹಾಕುವುದಿಲ್ಲ. ಖರೆ ಮಕ್ಕಳನ್ನೇ ತರುತ್ತೇನೆ.

೨೨ ಡಿಸೆಂಬರ್, ರವಿವಾರ, ಸಂಜೆ

ಕಾಲು ಊದಿವೆ. ಬೆಳಿಗ್ಗೆ ಕಟ್ಟಿಗೆಯ ಲಾರಿ ಹತ್ತಿ ಯಮಕನಮರಡಿಯವರೆಗೆ, ಅಲ್ಲಿಂದ ಕೇಳಿಕೇಳಿ ನಡೆದೆ. ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಬೀರಸಿದ್ದಪ್ಪ ಕಂಬಳಿ ಹಾಸಿ, ತಾನು ದೂರ ನೆಲದ ಮೇಲೆ ಕೂತ.

“ಇಷ್ಟ ದೂರ ಯಾಕ ಬಂದ್ರಿ ಅಕ್ಕೋರ?”

“ಹುಡುಗರನ್ನ ಕರ್ಕೊಂಡ ಹೋಗಾಕ.”

“ಮರಿ ಯಾರ ಕಾಯ್ತಾರ? ನೀವ ಕಾಯ್ತೀರೇನು?”

“ಇದೊಂದ ಸಲ ದೊಡ್ಡವರ ಕಾಯ್ರಿ. ಸಾಲಿ ಮುಚ್ಚಿತಂದ್ರ ನಿಮ್ಮ ಮಕ್ಕಳು ಜೀವ ಇರೂತನಾ ಮರೀನ ಕಾಯ್ತಾವ.”

“ಕುರಿ ಕಾಯೂದ ಕೆಟ್ಟ ಕೆಲಸಾ ಏನ್ರಿ?”

ಮುಖಕ್ಕೆ ಹೊಡೆದಂತಾಯಿತು. ಹಾಗೆ ಹೇಳಬಾರದಿತ್ತು.

“ಅಲ್ಲಪಾ. ಆದ್ರ ಬ್ಯಾರೆ ಕೆಲಸಾನೂ ಮಾಡಾಕ ಬರಬೇಕಲ್ಲ. ಆಮ್ಯಾಗ ಬೇಕಾದ್ದ ಆರಿಸ್ಕೊಳ್ಳಲಿ.”

ಬೀರಸಿದ್ದಪ್ಪ ತಲೆ ಅಲ್ಲಾಡಿಸಿದ. ಉಳಿದವರೂ ಅಲ್ಲಾಡಿಸಿದರು. ಇಲ್ಲ, ಆಗುವುದಿಲ್ಲ. ರೊಟ್ಟಿ ಕೊಟ್ಟರು, ತಿಂದೆ, ಎದ್ದೆ. ನೋಡಿದರೆ ರಾಮವ್ವ ಹೆಗಲಿಗೆ ಗಂಟು ಹಾಕಿಕೊಂಡು ದಾರಿಗೆ ಬಂದು ನಿಂತಿದ್ದಾಳೆ. ಯಾರನ್ನೂ ಕೇಳಲಿಲ್ಲ. ಬೀರಸಿದ್ದಪ್ಪ ಮಗಳ ಗಂಟನ್ನು ಬಿಗಿಮಾಡಿ ಕಟ್ಟಿದ.

“ಹೋಗ. ಊರಾಗ ಅಜ್ಜಿಗೆ ನೀರ ಹೊತ್ತ ಹಾಕ,” ಅಂದ.

ಇಡೀ ಅಡವಿ ಅಲೆದು ಒಬ್ಬಳನ್ನು ತಂದೆ. ಇರಲಿ. ಒಬ್ಬಳು.

೧೭ ಜನವರಿ ೧೯೫೮

ಸಾಹೇಬರು ಬಂದರು, ಎಣಿಸಿದರು. ಮೂವತ್ತರ ಅರ್ಧವೂ ಇರಲಿಲ್ಲ.

“ಹಾಜರಿ ಪಟದಾಗ ಇಷ್ಟ ಹೆಸರ ಅದಾವ. ಹುಡುಗರೆಲ್ಲಿ?”

“ಕುರಿ ಸಂಗಾಟ ಹೋಗ್ಯಾರ್ರಿ. ಜೂನದಾಗ ಬರ್ತಾರ. ಆವಾಗ ಬಂದ ಎಣಿಸ್ರಿ.”

“ಸರ್ಕಾರ ಕುರೀ ಹಿಂದ ತಿರಗಬೇಕೇನು ಬಾಯಿ?”

“ಒಂದ ಸಲ ತಿರಗಿದ್ರ ತಪ್ಪೇನೈತ್ರಿ ಸಾಹೇಬ್ರ.”

ನನ್ನ ಬಾಯಿಂದ ಹೇಗೆ ಬಂತೋ. ಅವರು ಚಷ್ಮಾ ತೆಗೆದು ಒರೆಸಿಕೊಂಡರು. ರಾಮವ್ವನನ್ನು ಎಬ್ಬಿಸಿ, ಘಟಪ್ರಭಾ ಎಲ್ಲಿ ಹೋಗಿ ಕೂಡುತ್ತದೆ ಎಂದು ಕೇಳಿದರು. “ಕೃಷ್ಣಾ ಹೊಳಿಗ್ರೀ,” ಅಂದಳು. ದಡ್ಡಿ ಊರಲ್ಲಿ ಇದೇ ಹೊಳೆಯ ದಂಡೆಗೆ ಕುರಿ ಮೈ ತೊಳೆದವಳು, ಹೊಳೆ ಎಲ್ಲಿಗೆ ಹೋಗುತ್ತದೆಂದು ಪುಸ್ತಕದಿಂದ ತಿಳಿದಳು. ಶಾಬಾಸ್ ಅಂದರು.

ಹೋಗುವಾಗ ಮೆತ್ತಗೆ ಹೇಳಿದರು: “ನಿಮ್ಮ ಕೆಲಸಕ್ಕ ಹೆಸರ ಇಡೂದಿಲ್ಲ ನಾ. ಆದ್ರ ಸಂಖ್ಯಾ ಅಂದ್ರ ಸಂಖ್ಯಾ.”

೨೪ ಫೆಬ್ರುವರಿ

ಆರ್ಡರ್ ಬಂತು. ಏಪ್ರಿಲ್ ಕೊನೆಗೆ ಸಾಲಿ ಬಂದ್. ಕೀಲಿಕೈ ಒಪ್ಪಿಸುವುದು. ನನಗೆ ತುಕ್ಕಾನಟ್ಟಿಗೆ ವರ್ಗ. ಗೋಕಾಕದ ನಮ್ಮ ಮನೆಗೆ ಹತ್ತಿರ. ಎಷ್ಟು ಸಲ ಕೇಳಿಕೊಂಡಿದ್ದೆ ಈ ವರ್ಗ. ಈಗ ಕೊಡುತ್ತಾರೆ.

೩೦ ಏಪ್ರಿಲ್

ರಾಮವ್ವ ಪಾಸು. ಊರಿನ ಮೊದಲ ಹುಡುಗಿ. ಅಜ್ಜಿ ಉದ್ದವ್ವ ಓಣಿಗೆಲ್ಲ ಬೆಲ್ಲ ಹಂಚಿದಳು. ನನಗೂ ಕೊಟ್ಟಳು — ಮೇಲಿನಿಂದ ಕೈಗೆ ಹಾಕಿ.

ಮಧ್ಯಾಹ್ನ ತಾಲೂಕು ಆಫೀಸಿನ ಪಟ್ಟೇವಾಲಾ ಕೀಲಿಕೈ ಕೇಳಲು ಬಂದ.

“ಕೊಡೂದಿಲ್ಲ.”

“ಹಂಗಂತ ಬರದ ಕೊಡ್ರಿ ಬಾಯಿ. ಬರೇ ಕೈಲೆ ಹೋದ್ರ ನನ್ನ ಬೈತಾರ.”

ಬರೆದು ಕೊಟ್ಟೆ. ಅಕ್ಷರ ದುಂಡಗೇ ಬಂದವು.

೧೮ ಮೇ

ತಮ್ಮ ಹನಮಂತ ಗೋಕಾಕದಿಂದ ಬಂದಿದ್ದ. ಮಿಲ್ಲಿನಲ್ಲಿ ರಜೆ ಹಾಕಿ. ತುಕ್ಕಾನಟ್ಟಿಗೆ ಹೋಗದ್ದಕ್ಕೆ ನನ್ನ ಪಗಾರ ನಿಂತದ್ದು ಅವನಿಗೆ ಯಾರೋ ಹೇಳಿದ್ದಾರೆ. ಮನೆಯವರೆಲ್ಲ ಬುದ್ಧನ ದೀಕ್ಷೆ ತೆಗೆದುಕೊಂಡ ಮೇಲೆ ಅವನ ಮಾತು ನೆಟ್ಟಗಾಗಿದೆ, ಸುತ್ತಿ ಬಳಸಿ ಆಡುವುದಿಲ್ಲ.

“ಅಕ್ಕಾ, ಬಾವ್ಯಾಗ ನೀರ ಸೇದಗೊಡದ ಊರಿಗೆ ನೀ ಯಾಕ ಜೀವಾ ತೇಯ್ತಿ?”

ನಿಜ. ಎರಡು ವರ್ಷದಿಂದ ಉದ್ದವ್ವ ಸೇದಿ ಸುರಿದರೆ ನನ್ನ ಕೊಡ ತುಂಬುತ್ತದೆ. ಅವಳಿಗೆ ಹೊಲದಲ್ಲಿ ಕೆಲಸವಿದ್ದ ದಿನ ನನಗೆ ಬಾಯಾರಿಕೆ.

“ಊರಿನ ಸಲುವಾಗಿ ಅಲ್ಲೋ. ಆ ಖೋಲಿ ಐತೆಲ್ಲ, ಅದರಾಗ ಎಲ್ಲಾರ ಮಕ್ಕಳೂ ಒಂದ ಗೋಣಿ ತಟ್ಟಿನ ಮ್ಯಾಲ ಕುಂದರ್ತಾವ. ಕುರುಬರವು, ನಮ್ಮ ಕೇರಿಯವು, ಗೌಡರವು. ಈ ಊರಾಗ ಅಂಥಾ ಜಾಗಾ ಅದೊಂದ. ಅದಕ್ಕೂ ಕೀಲಿ ಹಾಕಂತೀಯೇನು?”

ಹೋಗುವಾಗ ಹನಮಂತ ತನ್ನ ಕೊಡೆ ನನಗೆ ಬಿಟ್ಟು ಹೋದ.

೯ ಜೂನ್, ಸೋಮವಾರ

ಹೇಗೆ ಬರೆಯಲಿ. ಮೊನ್ನೆ ಕುರಿ ವಾಪಸು ಬಂದವು. ಸಾಲಿ ಬಂದ್ ಆದ ಸುದ್ದಿ ಬೀರಸಿದ್ದಪ್ಪನಿಗೆ ತಾಯಿ ಉದ್ದವ್ವನೇ ಹೇಳಿದ್ದಾಳೆ. ಇಂದು ಬೆಳಿಗ್ಗೆ ನಾನು ಬಾಗಿಲು ತೆರೆದು ಗಂಟೆ ಬಾರಿಸಿದೆ. ಎಲ್ಲ ಮಕ್ಕಳೂ ಬಂದರು. ಹಿಂದೆಯೇ ಪಟ್ಟೇವಾಲಾ, ಜೊತೆಗೆ ಚಕ್ಕಡಿ, ಇಬ್ಬರು ಆಳು. ಬೋರ್ಡು, ಕಪಾಟು, ಗಂಟೆ ಒಯ್ಯಲು.

ಉದ್ದವ್ವ ಬಂದು ಹೊಸ್ತಿಲಿಗೆ ಕೂತುಬಿಟ್ಟಳು. “ಮುದುಕೀನ ದಾಟಿ ಹೋಗ್ತೀರೇನು? ಹೋಗ್ರಿ,” ಅಂದಳು. ಆಳುಗಳು ಚಕ್ಕಡಿಯ ಹತ್ತಿರ ಸರಿದು ಬೀಡಿ ಹಚ್ಚಿದರು. ಅಷ್ಟರಲ್ಲಿ ಬೀರಸಿದ್ದಪ್ಪನ ಹಿಂಡು ಅಂಗಳ ತುಂಬಿತು. ಚಕ್ಕಡಿ ಹಿಂದಕ್ಕೂ ಹೋಗದು, ಮುಂದಕ್ಕೂ ಹೋಗದು. ಎತ್ತು ಬೆದರಿದವು.

“ಕುರಿ ಸರಸೋ,” ಎಂದ ಪಟ್ಟೇವಾಲಾ.

“ನನ್ನ ಮಾತ ಕೇಳೂದಿಲ್ರಿ ಅವು. ಸಾಲಿ ಕಲತಿಲ್ಲ.”

ಆಳುಗಳೇ ಮೊದಲು ನಕ್ಕರು. ಒಳಗೆ ಮಕ್ಕಳು ಮಗ್ಗಿ ಹೇಳುವುದನ್ನು ನಾನು ನಿಲ್ಲಿಸಗೊಡಲಿಲ್ಲ. ಚಕ್ಕಡಿ ಖಾಲಿ ಹೋಯಿತು.

ಸಂಜೆ ಕೊಡ ಹಿಡಿದು ಬಾವಿಗೆ ಹೋದೆ. ಉದ್ದವ್ವ ಹಗ್ಗ ನನ್ನ ಕಡೆ ಚಾಚಿದಳು.

“ನೀನ ಸೇದ್ಕೋ ಇನ್ನ. ನನ್ನ ಸೊಂಟ ನೋಯ್ತೈತಿ.”

ಸುತ್ತ ನಿಂತ ಹೆಂಗಸರಲ್ಲಿ ಇಬ್ಬರು ಕೊಡ ಎತ್ತಿಕೊಂಡು ಹೊರಟುಹೋದರು. ಹೋಗಲಿ. ಸೇದಿದೆ.

೨೩ ಜೂನ್

ಸಾಹೇಬರೇ ಬಂದರು. ಸಿಟ್ಟಿನಲ್ಲಿದ್ದರು. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ, ಒಂದನೆಯವರು ಕಟ್ಟೆಯ ಮೇಲೆ.

“ಜೂನದಾಗ ಬರ್ರಿ ಅಂದಿದ್ದೆ. ಬಂದೀರಿ. ಈಗ ಎಣಿಸ್ರಿ ಸಾಹೇಬ್ರ.”

ಎಣಿಸಿದರು. ಮತ್ತೊಮ್ಮೆ ಎಣಿಸಿದರು, ಮೂವತ್ತು ದಾಟಿತು. ಆಮೇಲೆ ತಾವೇ ಎದ್ದು ಹಳ್ಳದ ತನಕ ಹೋಗಿ, ಕೆಂಪು ನೀರು ನೋಡಿಕೊಂಡು, ಕೆಸರುಗಾಲಿನಲ್ಲಿ ವಾಪಸು ಬಂದರು.

“ಕೀಲಿಕೈ ಕೊಡಲಿಲ್ಲ, ಅದಕ್ಕ ಶಿಕ್ಷಾ ತಪ್ಪೂದಿಲ್ಲ ನಿಮಗ.”

“ಆಗಲಿರಿ.”

೧೯ ಜುಲೈ

ಆರ್ಡರ್. ಸಾಲಿ ಈ ವರ್ಷ ಮುಂದುವರಿಯತಕ್ಕದ್ದು. ಮುಂದಿನ ವರ್ಷ ಮತ್ತೆ ವಿಚಾರ. ಎರಡನೆಯ ಮಾಸ್ತರರು ಇಲ್ಲ. ನನ್ನ ವರ್ಗ ರದ್ದು, ಒಂದು ವರ್ಷದ ಇನ್‌ಕ್ರಿಮೆಂಟ್ ಬಂದ್. ಆಜ್ಞೆ ಮೀರಿದ್ದಕ್ಕೆ ಕ್ಷಮೆ ಬರೆದು ಕಳಿಸಬೇಕು.

ಬರೆದು ಕಳಿಸಿದೆ: “ಕೀಲಿಕೈ ಕೊಡದಿದ್ದದ್ದು ನಿಜ. ಮತ್ತೆ ಕೇಳಿದರೆ ಆಗಲೂ ಕೊಡುವುದಿಲ್ಲ.”

೨೧ ಜುಲೈ, ಸೋಮವಾರ, ಬೆಳಿಗ್ಗೆ

ಸಾಲಿಯಲ್ಲೇ ಕೂತು ಬರೆಯುತ್ತಿದ್ದೇನೆ, ಗಂಟೆಗೆ ಇನ್ನೂ ಹೊತ್ತಿದೆ. ನಮ್ಮ ಕೇರಿಯ ಸತ್ತೆವ್ವ ಮಗಳನ್ನು ದಾಖಲು ಮಾಡಿಸಲು ನಸುಕಿನಲ್ಲೇ ಬಂದಿದ್ದಳು. ಇವಳ ಮನೆಯಿಂದ ಯಾರೂ ಹಿಂದೆ ಸಾಲಿಗೆ ಬಂದವರಿಲ್ಲ. ಹುಡುಗಿ ಕರೆವ್ವ, ಒಂದನೆಯ ಇಯತ್ತೆ. ಹುಟ್ಟಿದ ದಿನ ಕೇಳಿದೆ. “ಹಳ್ಳಕ್ಕ ದೊಡ್ಡ ನೀರ ಬಂದಾಗ್ರಿ,” ಅಂದಳು. ದಾಖಲೆ ಪುಸ್ತಕದ ಜಾತಿಯ ಕಲಮಿಗೆ ಬಂದಾಗ ನಾನು ಕೇಳುವ ಮೊದಲೇ ಹೇಳಿದಳು: “ಬೌದ್ಧ ಅಂತ ಬರೀರಿ.” ಬರೆದೆ.

ಈ ಹುಡುಗಿ ನಾಲ್ಕನೆಯದು ಮುಗಿಸಲು ಇನ್ನೂ ನಾಲ್ಕು ವರ್ಷ. ಆರ್ಡರಿನಲ್ಲಿ ಕೊಟ್ಟದ್ದು ಒಂದೇ. ಉಳಿದ ಮೂರು ವರ್ಷ ಯಾರು ಕೊಡುತ್ತಾರೆ, ಯಾರನ್ನು ಕೇಳುವುದು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೆ. ಈಗ ಅನಿಸುತ್ತಿದೆ, ಕೇಳುವುದೇಕೆ, ನಾವೇ ತೆಗೆದುಕೊಂಡರಾಯಿತು — ಮಕ್ಕಳು ಬಂದರು, ಗಂಟೆ ಬಾರಿಸಬೇಕು.